ಏಳನೇ ನಂಬರಿನ ಬೂಟು, ಎರಡು ತೂತಿನ ಸಾಕೆಟ್ಟು

ಲೋಕದಲ್ಲಿ ತಕ್ಕಡಿ ಹುಟ್ಟಿದ ಗಳಿಗೆಯಲ್ಲೇ ಅದರ ತಟ್ಟೆಯಡಿಗೆ ಮೇಣ ಅಂಟಿಸುವವನೂ ಹುಟ್ಟಿದನಂತೆ. ಇವರಿಬ್ಬರ ನಡುವೆ ನಿಂತು ನ್ಯಾಯ ಹೇಳಲಿ ಎಂದು ಸರ್ಕಾರ ಅಳತೆ ಮತ್ತು ತೂಕದ ಕಚೇರಿಯನ್ನು ಮಾಡಿತು. ಆ ಕಚೇರಿಯ ಕಿಟಕಿ ಪಕ್ಕದ ಮೇಜಿಗಾಗಿ ದೇವರು ಗುಲಗಂಜಿಯನ್ನು ಮಾಡಿದ.

ಗುಲಗಂಜಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ವ್ಯಾಪಾರಿಗಳು ಹೊಟ್ಟೆ ಉರಿದು ಇಟ್ಟದ್ದು. ತೂಕದ ಬಟ್ಟು ಒಂದು ಗುಲಗಂಜಿ ಕಾಳಿನಷ್ಟು ಸವೆದಿದ್ದರೂ ಈ ಮನುಷ್ಯ ಮುದ್ರೆ ಒತ್ತುತ್ತಿರಲಿಲ್ಲ. ಹೆಂಡತಿಯ ಸೋದರಮಾವನ ಕಿರಾಣಿ ಅಂಗಡಿಯ ತಕ್ಕಡಿಯನ್ನೇ ಮೂರು ಸಲ ಹಿಂದಕ್ಕೆ ಕಳಿಸಿದ್ದ. ಅಂದಿನಿಂದ ಆ ಮಾವ ಇವರ ಮನೆಗೆ ಬಂದಾಗಲೆಲ್ಲ ನೀರು ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು, ಇದಕ್ಕೆ ಮುದ್ರೆ ಆಗಿದೆಯೇನಪ್ಪಾ ಎಂದು ವಿಚಾರಿಸುತ್ತಿದ್ದರು.

ಊರಿನ ಅಳತೆಯನ್ನೆಲ್ಲ ನೋಡುವ ಗುಲಗಂಜಿಗೂ ತನ್ನ ಕಪ್ಪು ತನಗೆ ಕಾಣದು ಎಂದು ಹಿರಿಯರು ಹೇಳಿದ್ದಾರೆ. ಅದನ್ನು ಕಾಣಿಸಲು ಒಂದು ಜೊತೆ ಬೂಟು ಬೇಕಾಯಿತು.

ಇಪ್ಪತ್ತೆರಡು ವರ್ಷ ಚಪ್ಪಲಿಯಲ್ಲೇ ಸೇವೆ ಸಲ್ಲಿಸಿದ ಗುಲಗಂಜಿಗೆ ಹೆಡ್ ಗುಮಾಸ್ತನ ಕುರ್ಚಿ ಒದಗಿ ಬಂತು. ಒಂದು ತಿಂಗಳು ಕೂತು ನೋಡು, ಎಲ್ಲ ಸರಿಹೋದರೆ ಕಾಯಂ ಎಂದರು ಸಾಹೇಬರು. ಕುರ್ಚಿಗೆ ತಕ್ಕ ಕಾಲು ಬೇಡವೇ? ಅವನು ಹೆಂಡತಿಯನ್ನು ಕರೆದುಕೊಂಡು ಬೂಟಿನ ಅಂಗಡಿಗೆ ಹೋದ. ಗಾಜಿನ ಹಿಂದೆ ಕಂದು ಬಣ್ಣದ ಒಂದು ಜೊತೆ, ಕನ್ನಡಿಯೂ ನಾಚಬೇಕು ಎಂಬಂತೆ ಹೊಳೆಯುತ್ತ ಕೂತಿತ್ತು. ಅದು ಏಳನೇ ನಂಬರು. ಗುಲಗಂಜಿಯ ಕಾಲು ಎಂಟು. ಎಂಟು ಬೇಕಾದರೆ ತರಿಸಿಕೊಡುತ್ತೇನೆ, ನಾಲ್ಕು ದಿನ ತಡೆಯಿರಿ ಎಂದ ಅಂಗಡಿಯವನು, ಸುಮ್ಮನಿರಲಾರದೆ, ದೊಡ್ಡ ಹುದ್ದೆಯವರ ಪಾದ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ ಎಂದೂ ಒಂದು ಮಾತು ಸೇರಿಸಿದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಗುಲಗಂಜಿಯ ಪಾದ ಏಳಕ್ಕೆ ಇಳಿಯಿತು. ಉಸಿರು ಬಿಗಿಹಿಡಿದು, ಚಮಚವೊಂದನ್ನು ಹಿಮ್ಮಡಿಗೆ ಸಿಕ್ಕಿಸಿ, ಗೋಡೆ ಹಿಡಿದುಕೊಂಡು ತೂರಿಸಿದ.

"ರೀ, ಬಿಗಿ ಆಗ್ತಿದೆ ಅಲ್ವಾ? ಮುಖ ಯಾಕೆ ಹಂಗೆ ಮಾಡ್ಕೊಂಡ್ರಿ?" ಎಂದಳು ಹೆಂಡತಿ.

"ನನಗೇ ಅಳತೆ ಹೇಳ್ಕೊಡ್ತೀಯೇನೇ? ಅಳತೆ ಹಾಕಿ ಹೊಲಿದಂಗಿದೆ."

ಅವಳು ಸುಮ್ಮನಾದಳು. ಆ ಸುಮ್ಮನಿರುವಿಕೆ ಎಷ್ಟು ತೂಗುತ್ತದೆ ಎಂಬುದನ್ನು ಮಾತ್ರ ಅವನು ಈ ತನಕ ತಕ್ಕಡಿಗೆ ಹಾಕಿ ನೋಡಿರಲಿಲ್ಲ.

ಮರುದಿನ ಬೂಟು ಕಚೇರಿಯ ಮೆಟ್ಟಿಲು ಹತ್ತಿದ ಹೊತ್ತಿಗೇ ಹೆಡ್ ಗುಮಾಸ್ತನ ಮೇಜಿಗೆ ಲ್ಯಾಪ್‌ಟಾಪೂ ಬಂತು. ಇನ್ನು ಮುಂದೆ ತಕ್ಕಡಿಗಳ ಲೆಕ್ಕವೆಲ್ಲ ಅದರಲ್ಲೇ ಎಂದು ಮೇಲಿನಿಂದ ಆಜ್ಞೆ. ಬೆಳ್ಳಿ ಬಣ್ಣದ ಲೋಹದ ಮೈ, ಮುಟ್ಟಿದರೆ ತಣ್ಣಗೆ. ಅದರ ಚಾರ್ಜರಿನ ತುದಿಯಲ್ಲಿ ಮೂರು ಕಡ್ಡಿ: ಕೆಳಗೆ ಎರಡು ಸಣ್ಣವು, ಮೇಲೆ ಒಂದು ದಪ್ಪನೆಯದು. ಗೋಡೆಯಲ್ಲಿದ್ದ ಸಾಕೆಟ್ಟು ಹಳೆಯ ಟೇಬಲ್ ಫ್ಯಾನಿನ ಕಾಲದ್ದು. ಅದಕ್ಕೆ ಎರಡೇ ತೂತು. ಸಾಹೇಬರು ನೋಡಿದರು, ಗುಲಗಂಜಿ ನೋಡಿದ. ಆಗ ಪಕ್ಕದ ಮೇಜಿನ ಅಳತೆಗೋಲು ಎದ್ದು ನಿಂತ. ಅವನು ಆರಡಿ ಎತ್ತರದ, ಬೆರಳಗಲದ ಗುಮಾಸ್ತ. ಗುಲಗಂಜಿ ಜಾರಿದರೆ ಹೆಡ್ ಗುಮಾಸ್ತನ ಕುರ್ಚಿ ಅವನದೇ. ದಾಪುಗಾಲು ಹಾಕಿ ರಸ್ತೆ ದಾಟಿ, ಮುಂದೆ ಮೂರು ತೂತು ಹಿಂದೆ ಎರಡು ಕಡ್ಡಿ ಇರುವ ಕನ್ವರ್ಟರ್ ಒಂದನ್ನು ತಂದು ಸಿಕ್ಕಿಸಿದ. ಲ್ಯಾಪ್‌ಟಾಪಿನ ದೀಪ ಹತ್ತಿತು. ಸಾಹೇಬರು ಅವನ ಸಮಯಸ್ಫೂರ್ತಿಯನ್ನು ಮೆಚ್ಚಿ ಸೇವಾ ಪುಸ್ತಕದಲ್ಲಿ ಎರಡು ಸಾಲು ಬರೆದರು. ಮೂರು ಕಡ್ಡಿ ಒಳಹೊಕ್ಕು ಎರಡೇ ಹೊರಬಂದರೆ ಮಿಕ್ಕ ಒಂದು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಊರಿನ ಅಂಗಡಿಗಳಲ್ಲಿ ಕಾಳು ಕಡಿಮೆಯಾದರೆ ಹಿಡಿಯುವ ಕಚೇರಿ ಅದು.

ಇತ್ತ ಮೇಜಿನಡಿಯಲ್ಲಿ ಬೇರೆಯೇ ಪರ್ವ ನಡೆದಿತ್ತು. ಮೊದಲ ದಿನ ಹನ್ನೊಂದು ಗಂಟೆಗೆ ಕಿರುಬೆರಳು ಮೊರೆಯಿಟ್ಟಿತು. ಹನ್ನೆರಡಕ್ಕೆ ಐದೂ ಬೆರಳು ಒಂದೇ ಕಂಠದಲ್ಲಿ ಮೊರೆಯಿಟ್ಟವು. ಕಾಲುಚೀಲವಾದರೂ ಇಲ್ಲದಿದ್ದರೆ ಜಾಗವಾದೀತೆಂದು ಮೂರನೇ ದಿನ ಅದನ್ನು ಬಿಟ್ಟು ಬಂದ. ನಾಲ್ಕನೇ ದಿನ, ಮೇಜಿನ ಮುಂಭಾಗಕ್ಕೆ ಹಲಗೆಯ ಮರೆ ಇರುವುದನ್ನು ಕಂಡುಕೊಂಡು, ಮೆಲ್ಲಗೆ ಎರಡೂ ಬೂಟು ಕಳಚಿ, ಆಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಸಿಮೆಂಟು ನೆಲದ ಮೇಲೆ ಬರಿಗಾಲು ಊರಿದ. ಆಹಾ, ಆ ಸುಖ. ಕಣ್ಣು ಅರೆಮುಚ್ಚಿ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟ.

ಅಂಗೈಯಿಂದ ಮೊಣಕೈವರೆಗೆ ಸಾವಿರ ಇರುವೆ ಒಟ್ಟಿಗೆ ಮೆರವಣಿಗೆ ಹೊರಟಂತಾಯಿತು.

ಗುಲಗಂಜಿ ಕೂಗಿಕೊಂಡ ರಭಸಕ್ಕೆ, ಮುದ್ರೆಗಾಗಿ ಕಾದಿದ್ದ ಅಕ್ಕಸಾಲಿಗರೊಬ್ಬರ ಕೈಯಿಂದ ಬಟ್ಟುಗಳ ಪೆಟ್ಟಿಗೆ ಕೆಳಗೆ ಬಿತ್ತು. ಸಾಹೇಬರು ಕೋಣೆಯಿಂದ ಹೊರಬಂದರು. ಬೂಟುಗಾಲಲ್ಲಿ ನಿಂತು ಲ್ಯಾಪ್‌ಟಾಪ್ ಮುಟ್ಟಿದರು, ಏನೂ ಇಲ್ಲ. ಅಳತೆಗೋಲು ರಬ್ಬರ್ ಚಪ್ಪಲಿಯಲ್ಲಿ ನಿಂತು ಮುಟ್ಟಿದ, ಸವರಿದ, ಮಗುವಿನಂತೆ ಅದರ ಬೆನ್ನು ತಟ್ಟಿದ; ಏನೂ ಇಲ್ಲ. ಬಟ್ಟು ಹೆಕ್ಕುತ್ತಿದ್ದ ಅಕ್ಕಸಾಲಿಗರೂ ಚಪ್ಪಲಿಗಾಲಲ್ಲೇ ಒಂದು ಬೆರಳಿಟ್ಟು ನೋಡಿ, ಇಲ್ಲ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಗುಲಗಂಜಿ ಮೇಜಿನಡಿ ಕಾಲಲ್ಲೇ ತಡಕಾಡಿ ಬೂಟೊಳಗೆ ಹೊಕ್ಕಿದ್ದ. ಅವನೂ ಮುಟ್ಟಿದ. ಏನೂ ಇಲ್ಲ.

ಸಂಜೆ ಎಲೆಕ್ಟ್ರೀಷಿಯನ್ ಬಂದ. ಕರೆಂಟಿನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಗಾಂಭೀರ್ಯ ಅವನ ಮುಖದಲ್ಲಿತ್ತು. ಸಾಕೆಟ್ಟಿನ ಒಂದು ತೂತಿಗೆ ಟೆಸ್ಟರ್ ಇಟ್ಟ, ಹತ್ತಿತು, ಇನ್ನೊಂದಕ್ಕಿಟ್ಟ, ಹತ್ತಲಿಲ್ಲ. ಎಲ್ಲ ಶಾಸ್ತ್ರಪ್ರಕಾರ ಇದೆ ಎಂದ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ. ಆ ಕಚೇರಿಯಲ್ಲಿ ಅಂದು ಯಾರಾದರೂ ಕೇಳಿದ ಬುದ್ಧಿವಂತಿಕೆಯ ಪ್ರಶ್ನೆ ಅದೊಂದೇ.

"ಹೊಡೆದಾಗ ಕಾಲಲ್ಲಿ ಏನಿತ್ತು ಸಾರ್?"

ಗುಲಗಂಜಿಯ ಕಣ್ಣ ಮುಂದೆ ಹೆಂಡತಿಯ ಸುಮ್ಮನಿದ್ದ ಮುಖ ಹಾದುಹೋಯಿತು. ಈ ಕಚೇರಿಯಲ್ಲಿ ಬೂಟು ಬಿಚ್ಚಿದ ಸುದ್ದಿ ರಾತ್ರಿಯೊಳಗೆ ಸೋದರಮಾವನ ಅಂಗಡಿಗೆ, ಅಲ್ಲಿಂದ ಮನೆಗೆ ಮುಟ್ಟುವುದು ಖಂಡಿತ.

"ಬೂಟು," ಎಂದ.

"ಹಾಕ್ಕೊಂಡಿದ್ರಾ?"

"ಇನ್ನೇನು, ತಲೆ ಮೇಲೆ ಇಟ್ಕೊಂಡಿದ್ನಾ?"

"ಹಂಗಾದ್ರೆ ಅದು ಕರೆಂಟಲ್ಲ ಸಾರ್. ಬೂಟು ಹಾಕ್ಕೊಂಡೋರಿಗೆ ಅದು ಹೊಡೆಯೋಕಾಗಲ್ಲ," ಎಂದು ಎಲೆಕ್ಟ್ರೀಷಿಯನ್ ಅದನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡ. "ನಿಮ್ಮೊಳಗಿಂದೇ ಏನೋ ಬರ್ತಿದೆ."

ಒಂದು ಗುಲಗಂಜಿ ತೂಕದ ಸುಳ್ಳು. ಅದು ಅಲ್ಲಿಂದ ಕಾಲು ಬಂದು ನಡೆಯತೊಡಗಿತು. ಸುಳ್ಳಿಗೆ ಬೂಟು ಕಚ್ಚುವುದಿಲ್ಲವಾದ್ದರಿಂದ ಬೇಗಬೇಗನೇ ನಡೆಯಿತು.

ಎಲೆಕ್ಟ್ರೀಷಿಯನ್ನನ ಮಾತಿನಿಂದ ಗುಲಗಂಜಿಗೆ ಕಾರಣವೇನೋ ತಿಳಿಯಿತು. ಬೂಟು ಹಾಕಿದರೆ ಕೈಗೆ ಸುಖ, ಕಾಲಿಗೆ ನರಕ. ಕಳಚಿದರೆ ಕಾಲಿಗೆ ಸ್ವರ್ಗ, ಕೈಗೆ ಇರುವೆ. ಅತ್ತ ದರಿ, ಇತ್ತ ಪುಲಿ. ಕಾಲಡಿಗೆ ಒಂದು ಮರದ ಹಲಗೆ ಹಾಕಿಕೊಳ್ಳಬಹುದಿತ್ತಲ್ಲ ಎಂದು ಕೇಳುವ ಜಾಣರಿದ್ದಾರೆ. ಹಲಗೆ ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳುವ ಹಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಎರಡು ಪೆನ್ಸಿಲ್ ತೆಗೆದುಕೊಂಡು, ಅವುಗಳ ರಬ್ಬರಿನ ತುದಿಯಿಂದ ಅಕ್ಷರಗಳನ್ನು ಕುಕ್ಕತೊಡಗಿದ. ಕೋಳಿ ಕಾಳು ಹೆಕ್ಕುವ ವೇಗದಲ್ಲಿ ದಿನಕ್ಕೆ ಏಳು ತಕ್ಕಡಿಯ ವಿವರ ದಾಖಲಾಯಿತು. ಹೊರಗೆ ಸಾಲಿನಲ್ಲಿ ನಲವತ್ತು ಜನ. ಮೊದಲು ಗೊಣಗುತ್ತಿದ್ದ ವ್ಯಾಪಾರಿಗಳು ವಿಷಯ ತಿಳಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತರು. ಪ್ರಮಾಣಪತ್ರವನ್ನು ಅವನ ಕೈಯಿಂದ ತೆಗೆದುಕೊಳ್ಳಲು ಯಾರೂ ಒಪ್ಪಲಿಲ್ಲ. ಮೇಜಿನ ಮೇಲಿಡಿ ಸ್ವಾಮಿ, ನಾವೇ ಎತ್ತಿಕೊಳ್ತೀವಿ ಎಂದರು.

ಭಾನುವಾರ ಹಿಂದೆ ಬಿದ್ದ ಕೆಲಸ ಮುಗಿಸಲೆಂದು ಲ್ಯಾಪ್‌ಟಾಪನ್ನು ಮನೆಗೆ ತಂದ. ಮನೆಯ ವೈರಿಂಗ್ ಹೊಸದು, ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟು. ಬರಿಗಾಲಲ್ಲಿ ಕೂತು, ಹೆದರುತ್ತ ಹೆದರುತ್ತ ಅಂಗೈ ಇಟ್ಟ. ಏನೂ ಇಲ್ಲ. ಗಂಟೆಗಟ್ಟಲೆ ಕೆಲಸ ಮಾಡಿದ; ಒಂದು ಇರುವೆಯೂ ಹರಿಯಲಿಲ್ಲ. ಗುಲಗಂಜಿಗೆ ತಾನು ಅರ್ಥಮಾಡಿಕೊಂಡದ್ದೂ ಅರ್ಥವಾಗದಂತಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆ ಹೊತ್ತಿಗೆ ಬಂದಿದ್ದ ಸೋದರಮಾವ ಮಾತ್ರ ತೀರ್ಪು ಕೊಡಲು ತಡಮಾಡಲಿಲ್ಲ. ಮನೆಯಲ್ಲಿ ಹೊಡೆಯದ ಕರೆಂಟು ಕಚೇರಿಯಲ್ಲಿ ಹೊಡೆಯುತ್ತದೆ ಎಂದರೆ ಇದು ಮೈಗಳ್ಳತನಕ್ಕೆ ಬರುವ ರೋಗ, ತಮ್ಮ ಅಂಗಡಿಯ ಆಳಿಗೂ ಮೂಟೆ ಮುಟ್ಟಿದರೆ ಹೀಗೇ ಆಗುತ್ತಿತ್ತು ಎಂದರು. ಹೊರಡುವಾಗ ಹಸ್ತಲಾಘವಕ್ಕೆ ಕೈ ಚಾಚಿ, ಏನೋ ನೆನಪಾದಂತೆ ಹಿಂದಕ್ಕೆ ಎಳೆದುಕೊಂಡು, ದೂರದಿಂದಲೇ ಕೈಮುಗಿದರು.

ಪೆನ್ಸಿಲ್ ಸೇವೆ ಸಾಹೇಬರ ಕಣ್ಣಿಗೆ ಬಿದ್ದದ್ದು ಇಪ್ಪತ್ತನೇ ದಿನ. ಅವರು ಅವನನ್ನು ಸರ್ಕಾರಿ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ನಾಡಿ ನೋಡಿದರು, ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದರು, ಕೊನೆಗೆ ಬೂಟು ಬಿಚ್ಚಿ ಎಂದರು. ಗುಲಗಂಜಿ ಬಿಚ್ಚಿದ. ಹತ್ತು ಬೆರಳಿಗೆ ಹದಿಮೂರು ಗುಳ್ಳೆ. ಡಾಕ್ಟರು ಕನ್ನಡಕ ಏರಿಸಿ, ಇವು ಯಾವಾಗಿನಿಂದ ಎಂದು ಕೇಳಿದರು.

"ಲ್ಯಾಪ್‌ಟಾಪ್ ಬಂದ ದಿನದಿಂದ," ಎಂದ ಗುಲಗಂಜಿ. ತೂಗಿ ನೋಡಿದರೆ ಅಪ್ಪಟ ನಿಜ. ಬೂಟೂ ಅಂದೇ ಬಂದದ್ದು ಎಂಬುದನ್ನು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಡಾಕ್ಟರು ಒಂದೂವರೆ ಪುಟ ಬರೆದರು. ವಿದ್ಯುತ್ತು ಈತನ ಕೈಯಿಂದ ಒಳಹೊಕ್ಕು, ದೇಹವನ್ನೆಲ್ಲ ಸಂಚರಿಸಿ, ಕಾಲ್ಬೆರಳುಗಳಲ್ಲಿ ಸಿಡಿದು ಹೊರಹೋಗುತ್ತಿದೆ. ಬೂಟು ಕೂಡ ಇದನ್ನು ತಡೆಯಲಾರದಾಗಿದೆ. ವಿದ್ಯುತ್ತಿಲ್ಲದ ಜಾಗದಲ್ಲಿ ಈತನಿಗೆ ಕೆಲಸ ಕೊಡತಕ್ಕದ್ದು.

ಕಚೇರಿಯಲ್ಲಿ ವಿದ್ಯುತ್ತಿಲ್ಲದ ಜಾಗ ಒಂದೇ ಇತ್ತು. ಹಿತ್ತಿಲ ಕಡೆಯ ಉಗ್ರಾಣ. ಜಪ್ತಿ ಮಾಡಿದ ಕಳ್ಳ ತಕ್ಕಡಿಗಳನ್ನು ತುಂಬಿದ್ದ ಕತ್ತಲ ಕೋಣೆ. ಇಪ್ಪತ್ತೆರಡು ವರ್ಷ ಹಿಡಿದುಹಾಕಿದ ಮೋಸಗಳ ನಡುವೆ ಮಿಕ್ಕ ಸೇವೆಯನ್ನು ಕಳೆಯುವ ಯೋಗ ಗುಲಗಂಜಿಗೆ ಬಂದಂತಾಯಿತು. ಅಳತೆಗೋಲು ಹೆಡ್ ಗುಮಾಸ್ತನ ಕುರ್ಚಿಯ ಹಿಂದೆ ನಿಂತು, ಅದರ ಎತ್ತರ ತನಗೆ ಸಾಲುತ್ತದೆಯೇ ಎಂದು ಕಣ್ಣಲ್ಲೇ ಅಳೆಯತೊಡಗಿದ. ಆದರೆ ಒಬ್ಬನನ್ನು ಉಗ್ರಾಣಕ್ಕೆ ಹಾಕಬೇಕಾದರೂ ವಿಚಾರಣೆ ಆಗಬೇಕು. ತಿಂಗಳು ಮುಗಿಯುವ ದಿನವೇ ಅದಕ್ಕೆ ನಿಗದಿಯಾಯಿತು. ವಿದ್ಯುತ್ ಇಲಾಖೆಯಿಂದ ಒಬ್ಬ ಪರಿವೀಕ್ಷಕಿ ಬರುವುದು, ಮನೆಯ ಸ್ಥಿತಿ ಹೇಳಲು ಹೆಂಡತಿಯೂ ಹಾಜರಾಗುವುದು, ನಡವಳಿಯನ್ನು ಅಳತೆಗೋಲು ಬರೆದುಕೊಳ್ಳುವುದು ಎಂದು ಸಾಹೇಬರು ಏರ್ಪಾಟು ಮಾಡಿದರು.

ಪರಿವೀಕ್ಷಕಿ ಸಣ್ಣ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ಬಂದವರೇ ಎಲೆಕ್ಟ್ರೀಷಿಯನ್ನನ ಚೀಟಿ, ಡಾಕ್ಟರ ಒಂದೂವರೆ ಪುಟ ಎರಡನ್ನೂ ಓದಿ, ಬೋರಲು ಮಾಡಿ ಇಟ್ಟರು. ಹೆಂಡತಿಯನ್ನು ಕೂರಿಸಿ, ಮನೆಯಲ್ಲಿ ಶಾಕ್ ಹೊಡೆದಿದೆಯೇ ಎಂದು ಕೇಳಿದರು.

"ಇಲ್ಲ. ಭಾನುವಾರ ಇಡೀ ದಿನ ಅದರ ಮುಂದೇ ಇದ್ರು, ಬರಿಗಾಲಲ್ಲಿ. ಮನೇಲಿ ಇವ್ರಿಗೆ ಬೂಟಿನ ಮುಖ ಕಂಡ್ರಾಗಲ್ಲ."

ಪರಿವೀಕ್ಷಕಿಯ ಪೆನ್ನು ನಿಂತಿತು. ಮನೆಯ ಸಾಕೆಟ್ಟಿಗೆ ಎಷ್ಟು ತೂತು ಎಂದು ಕೇಳಿದರು. ಮೂರು ಎಂದಳು. ಇಲ್ಲಿಯದಕ್ಕೆ ಎಂದು ಸಾಹೇಬರತ್ತ ತಿರುಗಿದರು. ಅಳತೆ ಮತ್ತು ತೂಕದ ಕಚೇರಿಯಲ್ಲಿ ಅದನ್ನು ಎಣಿಸಿಟ್ಟವರು ಯಾರೂ ಇರಲಿಲ್ಲ. ಅವರು ತಾವೇ ಮೇಜಿನ ಹಿಂದೆ ಬಗ್ಗಿ, ಗೋಡೆ ನೋಡಿ, ಕನ್ವರ್ಟರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಎದ್ದು ಕೈ ಕೊಡವಿಕೊಂಡರು.

"ಬೂಟು ಹಾಕ್ಕೊಂಡೇ ಹೊಡೀತು ಅಂತ ಬರೆದಿದೆ. ಅದು ನಿಜವಾದ್ರೆ ನನಗೇನೂ ಹೇಳೋಕಾಗಲ್ಲ, ಡಾಕ್ಟರು ಹೇಳಿದ್ದೇ ಸರಿ ಅಂತ ಸಹಿ ಹಾಕಿ ಹೋಗ್ತೀನಿ," ಎಂದರು ಗುಲಗಂಜಿಗೆ. "ನೀವು ದಿನಾ ಹ್ಯಾಗೆ ಕೂರ್ತೀರೋ ಹಾಗೇ ಒಂದ್ಸಲ ಕೂತು ತೋರಿಸಿ."

ಬಾಗಿಲಲ್ಲಿ ವ್ಯಾಪಾರಿಗಳ ತಲೆಗಳು. ಅಳತೆಗೋಲಿನ ಪೆನ್ನು ಕಾಗದಕ್ಕೆ ಕೂದಲೆಳೆ ದೂರದಲ್ಲಿ. ಒಂದು ಕಡೆ ಉಗ್ರಾಣದ ಬಾಗಿಲು, ಇನ್ನೊಂದು ಕಡೆ ಹೆಂಡತಿ. ಗುಲಗಂಜಿ ಉಗ್ರಾಣದತ್ತ ನೋಡಿದ. ಹೆಂಡತಿಯತ್ತ ನೋಡಿದ. ಮತ್ತೆ ಉಗ್ರಾಣದತ್ತ ನೋಡಿದ. ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನೋಡಿದನೆಂದು ಹೇಳಬೇಕು.

ಆಮೇಲೆ ಕುರ್ಚಿಯಲ್ಲಿ ಕೂತು, ಬಗ್ಗಿ, ಎಡಗಾಲಿನ ಬೂಟನ್ನು ಕಿತ್ತ. ಬಾಟಲಿಯ ಬಿರಡೆ ಕಿತ್ತಂಥ ಸದ್ದಾಯಿತು. ಬಲಗಾಲಿನದನ್ನೂ ಕಿತ್ತ. ಹದಿಮೂರು ಗುಳ್ಳೆಯ ಹತ್ತು ಬೆರಳು ಒದ್ದೆ ಸಿಮೆಂಟಿನ ಮೇಲೆ ಹರಡಿಕೊಂಡವು. ಅಂಗೈಯನ್ನು ಲ್ಯಾಪ್‌ಟಾಪಿನ ಮೇಲಿಟ್ಟ. ಇಟ್ಟಷ್ಟೇ ಬೇಗ ಹಾರಿ ಬಿದ್ದ.

"ಬೂಟು ಯಾಕೆ ಬಿಚ್ತಿದ್ರಿ?" ಎಂದರು ಪರಿವೀಕ್ಷಕಿ.

"ಅದು ಏಳು," ಎಂದ. "ನಂದು ಎಂಟು."

"ಮತ್ತೆ ಯಾಕೆ ತಗೊಂಡ್ರಿ?"

"ಚೆನ್ನಾಗಿ ಹೊಳೀತಿತ್ತು."

ಬಾಗಿಲಲ್ಲಿದ್ದ ಅಕ್ಕಸಾಲಿಗರು ಮೆಲ್ಲಗೆ ಕೆಮ್ಮಿದರು. ಒಂದು ಗುಲಗಂಜಿಯಷ್ಟು ಸವೆದ ಬಟ್ಟಿಗಾಗಿ ಅವರು ನಾಲ್ಕು ಸಲ ಬಂದುಹೋಗಿದ್ದರು. ಹೆಂಡತಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಪರಿವೀಕ್ಷಕಿ ಎಲ್ಲರಿಗೂ ಪಾದರಕ್ಷೆ ಬಿಡಿ ಎಂದರು. ಮೊದಲು ಸಾಹೇಬರು. ಬರಿಗಾಲು ಊರಿ ಬೆರಳಿಟ್ಟರು. ಅವರ ಬಾಯಿಂದ ಹುದ್ದೆಗೆ ತಕ್ಕುದಲ್ಲದ ಒಂದು ಶಬ್ದ ಹೊರಟಿತು. ಆಮೇಲೆ ಅಳತೆಗೋಲು, ಆರಡಿ ಇದ್ದವನು ಆರೂಕಾಲಾದ. ಅಕ್ಕಸಾಲಿಗರು ತಾವಾಗಿಯೇ ಸಾಲಿನಲ್ಲಿ ನಿಂತು ಒಂದು ಸಲ ಹೊಡೆಸಿಕೊಂಡು ಹೋದರು. ಮೂರು ವಾರಕ್ಕೂ ಮೇಲೆ ಎಲ್ಲರನ್ನೂ ಹೆದರಿಸಿದ್ದ ವಸ್ತು ಅರ್ಧ ಗಂಟೆಯಲ್ಲಿ ಆಟಿಕೆಯಾಯಿತು.

ಕೆಳಗಿನ ಎರಡು ಕಡ್ಡಿ ಕರೆಂಟನ್ನು ತರುವ, ಒಯ್ಯುವ ದುಡಿಮೆ ಮಾಡುತ್ತವೆ ಎಂದು ಪರಿವೀಕ್ಷಕಿ ವಿವರಿಸಿದರು. ಮೇಲಿನ ದಪ್ಪ ಕಡ್ಡಿಯನ್ನು ಒಂದು ತಂತಿ ನೆಲದ ಮಣ್ಣಿಗೆ ಸೇರಿಸಿರುತ್ತದೆ. ಅದಕ್ಕೇ ಅರ್ಥಿಂಗ್ ಎನ್ನುವುದು. ಚಾರ್ಜರಿನಿಂದ ಜಿನುಗಿ ಲೋಹದ ಮೈಗೆ ಬಂದ ಚೂರುಪಾರು ಕರೆಂಟನ್ನು ಅದು ಸದ್ದಿಲ್ಲದೆ ಭೂಮಿಗೆ ಇಳಿಸಿಬಿಡುತ್ತದೆ. ಕನ್ವರ್ಟರ್ ಆ ಕಡ್ಡಿಯನ್ನು ನುಂಗಿ ಕೂತದ್ದರಿಂದ, ಕರೆಂಟು ಮಣ್ಣಿಗೆ ಹೋಗಲು ಗುಲಗಂಜಿಯ ಬರಿಗಾಲನ್ನೇ ದಾರಿ ಮಾಡಿಕೊಂಡಿತ್ತು. ಇವತ್ತು ಇರುವೆ, ಒಳಗೆ ಏನಾದರೂ ಕೆಟ್ಟರೆ ನಾಳೆ ಹೆಣ ಎಂದರು.

"ಆ ಮೂರನೇ ಕಡ್ಡಿ ಸುಮ್ನೆ ನಿಂತಿರುತ್ತೆ ಅಂತ ಬೇಡ ಅನ್ಬಾರ್ದು," ಎಂದು ಹೇಳಿ, ಮೂರು ತೂತಿನ ಸಾಕೆಟ್ಟು ಹಾಕಿಸಿ, ಅರ್ಥಿಂಗ್ ಕೊಡಿಸಿ ಎಂದು ಒಂದೇ ಸಾಲು ಬರೆದು ಹೊರಟುಹೋದರು.

ಒಂದು ಸಾಲಿನ ವರದಿಯಿಂದ ಕಚೇರಿ ನಡೆಯುವುದಿಲ್ಲ. ತಪ್ಪು ಯಾರದು ಎಂದು ಬರೆಯಬೇಕು. ಕನ್ವರ್ಟರಿನದು ಎನ್ನುವಂತಿಲ್ಲ, ಅದನ್ನು ಮೆಚ್ಚಿ ಸಾಹೇಬರೇ ಬರೆದ ಎರಡು ಸಾಲು ಅಳತೆಗೋಲಿನ ಸೇವಾ ಪುಸ್ತಕದಲ್ಲಿ ಕೂತಿವೆ. ಆದ್ದರಿಂದ ಘಟನೆಗೆ ಕಾರಣ ನೌಕರನ ಪಾದರಕ್ಷೆ ಒಂದು ನಂಬರು ಕಡಿಮೆ ಇದ್ದುದೇ ಎಂದು ತೀರ್ಮಾನವಾಯಿತು. ರೋಗವಿಲ್ಲವೆಂದು ರುಜುವಾದ್ದರಿಂದ ಗುಲಗಂಜಿಯ ಹುದ್ದೆ ಕಾಯಂ ಆಯಿತು. ಜೊತೆಗೊಂದು ಸುತ್ತೋಲೆ: ಎಲ್ಲ ನೌಕರರೂ ಸರಿಯಾದ ಅಳತೆಯ ಪಾದರಕ್ಷೆ ಧರಿಸತಕ್ಕದ್ದು, ವರ್ಷಕ್ಕೊಮ್ಮೆ ಅದನ್ನು ಹೆಡ್ ಗುಮಾಸ್ತ ಪರಿಶೀಲಿಸತಕ್ಕದ್ದು. ಸಾಕೆಟ್ಟಿನ ಕಡತ ಮೇಲಕ್ಕೆ ಹೋಯಿತು. ಇಷ್ಟು ವರ್ಷ ಎರಡು ತೂತಿನಲ್ಲಿ ನಡೆದ ಕಚೇರಿ ಈಗೇಕೆ ನಡೆಯುವುದಿಲ್ಲ ಎಂಬ ಪ್ರಶ್ನೆ ಹೊತ್ತು ಕೆಳಕ್ಕೆ ಬಂತು. ಈಗ ಮತ್ತೆ ಮೇಲೆ ಹೋಗಿದೆ.

ವಿಚಾರಣೆಯ ಸಂಜೆ ಗುಲಗಂಜಿ ಹೆಂಡತಿಯ ಜೊತೆ ಮನೆಗೆ ನಡೆದ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು. ಅಂಚೆ ಕಚೇರಿಯ ತಿರುವಿನಲ್ಲಿ ಅವಳು ಹೇಳುತ್ತಾಳೆ ಎಂದುಕೊಂಡ, ಹೇಳಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಖಂಡಿತ ಎಂದುಕೊಂಡ, ಅಲ್ಲಿಯೂ ಇಲ್ಲ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಮನೆಯೊಳಗೆ ಕಾಲಿಟ್ಟವಳು ನೆಟ್ಟಗೆ ಬೀರುವಿನ ಹತ್ತಿರ ಹೋಗಿ, ಕೆಳಗಿನ ಅರೆಯಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದು ಅವನ ಮುಂದಿಟ್ಟಳು. ಮುಚ್ಚಳದ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಒಳಗೆ ಅದೇ ಕಂದು ಬಣ್ಣ, ಅದೇ ಹೊಳಪು. ಗುಲಗಂಜಿ ತಿರುಗಿಸಿ ಅಡಿಯ ನಂಬರು ನೋಡಿದ. ಎಂಟು.

"ಯಾವಾಗ ತಂದೆ?"

"ಆವತ್ತೇ ಅಂಗಡಿಯೋರಿಗೆ ಹೇಳಿ ಬಂದಿದ್ದೆ. ನಾಲ್ಕನೇ ದಿನ ಬಂತು."

ನಾಲ್ಕನೇ ದಿನ ಎಂದರೆ ಮೊದಲ ಇರುವೆ ಹರಿದ ದಿನ. ಗುಲಗಂಜಿ ಲೆಕ್ಕ ಹಾಕಿ ಬಾಯಿ ತೆರೆದ.

"ಮತ್ತೆ ಇಷ್ಟು ದಿನ ಯಾಕೆ ಕೊಡ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ. ನಿಮಗೆ ಅಳತೆ ಹೇಳ್ಕೊಡೋಕೆ ನಾನ್ಯಾರು?"

ಅವನು ಕೂತು ಬೂಟು ಹಾಕಿಕೊಂಡ. ಚಮಚ ಬೇಕಾಗಲಿಲ್ಲ, ಗೋಡೆಯೂ ಬೇಕಾಗಲಿಲ್ಲ. ಹತ್ತು ಬೆರಳೂ ತಂತಮ್ಮ ಜಾಗ ಹಿಡಿದು ಕೂತವು.

"ಹ್ಯಾಗಿದೆ?" ಎಂದಳು.

ಇಪ್ಪತ್ತೆರಡು ವರ್ಷದ ಅಭ್ಯಾಸ ದೊಡ್ಡದು. ಕೂದಲೆಳೆಯಷ್ಟು ಸಡಿಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಗುಲಗಂಜಿ ತಲೆಯೆತ್ತಿ ಅವಳ ಮುಖ ನೋಡಿ, ಅದನ್ನು ನುಂಗಿಕೊಂಡ.

"ಸರಿಯಾಗಿದೆ ಕಣೇ," ಎಂದ.

"ಹಂಗಾದ್ರೆ ಮುದ್ರೆ ಒತ್ತಿಬಿಡಿ," ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು.